ಸಿಂಬೆ ಹೊತ್ತ ಹನ್ನೆರಡೂವರೆ ಸುತ್ತು

ಆಲೂರು

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವವಳು ನಾನು. ಕುಕ್ಕರಿನ ಉಗಿ ಇಳಿಯುವ ಮೊದಲೇ ಮುಚ್ಚಳಕ್ಕೆ ಕೈ ಹಾಕುವವಳು, ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ಉತ್ತರ ಕೊಡುವವಳು. ಸಕಲೇಶಪುರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಗಂಡ ನನಗಿಂತ ಮೂರು ಪಟ್ಟು ನಿಧಾನ. ಇಬ್ಬರೂ ಒಟ್ಟಿಗೆ ಮದುವೆಗೆ ಹೋದರೆ ನಾನು ಊಟಕ್ಕೆ ಕೂತಿರುತ್ತೇನೆ, ಅವರು ಇನ್ನೂ ಚಪ್ಪಲಿ ಬಿಡುತ್ತಿರುತ್ತಾರೆ.

ಇಂಥವಳು ಆರಿಸಿಕೊಂಡ ಆಟ ನಡಿಗೆ. ಆಲೂರಿನ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ನಲವತ್ತು ದಾಟಿದವರ ಕ್ರೀಡಾಕೂಟಗಳಲ್ಲಿ ಐದು ಕಿಲೋಮೀಟರ್ ವೇಗದ ನಡಿಗೆಗೆ ಹೆಸರು ಕೊಡುತ್ತಿದ್ದೆ. ನಡಿಗೆಯಲ್ಲೂ ಸ್ಪರ್ಧೆಯೇ ಎಂದು ನಗುವವರಿಗೆ ಅದರ ಕಷ್ಟ ಗೊತ್ತಿಲ್ಲ. ಎಷ್ಟು ಬೇಕಾದರೂ ಜೋರಾಗಿ ನಡೆಯಬಹುದು, ಆದರೆ ಎರಡು ಪಾದಗಳಲ್ಲಿ ಒಂದು ಯಾವಾಗಲೂ ನೆಲದ ಮೇಲೆ ಇರಬೇಕು. ಎರಡೂ ಒಟ್ಟಿಗೆ ನೆಲ ಬಿಟ್ಟರೆ ಅದು ಓಟ. ಟ್ರ್ಯಾಕಿನ ಸುತ್ತ ನಿಂತ ತೀರ್ಪುಗಾರರು ಅದನ್ನೇ ಕಾಯುತ್ತಿರುತ್ತಾರೆ. ಒಬ್ಬ ತೀರ್ಪುಗಾರರು ಒಬ್ಬರಿಗೆ ಒಂದೇ ಸಲ ಕೆಂಪು ಕಾರ್ಡು ಬರೆಯಬಹುದು. ಮೂವರು ಬರೆದರೆ ಆ ಸ್ಪರ್ಧಿ ಹೊರಗೆ.

ಜಿಲ್ಲೆಯ ಗಡಿ ದಾಟಿದ ಮೇಲೆ ನಾನು ನಡೆದ ಸ್ಪರ್ಧೆಗಳು ಮೂರು. ಮೂರರಲ್ಲೂ ಹೊರಗೆ. ಒಂದರಲ್ಲೂ ಕೊನೆಯ ಗೆರೆ ಮುಟ್ಟಿಲ್ಲ.

"ನೀನು ಅಡುಗೆಮನೆಯಿಂದ ಜಗಲಿಗೆ ಬರೋದ್ರೊಳಗೇ ಎರಡು ಕಾರ್ಡು ಆಗಿರ್ತದೆ ಮಾರಾಯ್ತಿ" ಎಂದು ಗಂಡ ರೇಗಿಸುತ್ತಿದ್ದರು.

ನಗುತ್ತಿದ್ದೆ, ಆದರೆ ಒಳಗೆ ಉರಿಯುತ್ತಿತ್ತು. ಹಾಸನದ ಮೂಳೆ ಡಾಕ್ಟರು ನನ್ನ ಬಲಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನೊಂದು ಸ್ಪರ್ಧೆ ಮಾಡಿ, ಆಮೇಲೆ ಶಿಳ್ಳೆ ಊದಿಕೊಂಡು ಮಕ್ಕಳನ್ನು ಓಡಿಸಿ ಸಾಕು ಎಂದಿದ್ದರು. ಆ ಇನ್ನೊಂದು ಯಾವುದಾಗಬೇಕು ಎಂದು ಯೋಚಿಸುತ್ತಿದ್ದಾಗಲೇ ಶ್ರೀಲಂಕಾದ ಕ್ಯಾಂಡಿಯಲ್ಲಿ ಹಿರಿಯರ ಕೂಟ ಇದೆ ಎಂಬ ಕಾಗದ ಬಂತು. ಪದಕದ ಆಸೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಆಸೆ ಗೆರೆ ಮುಟ್ಟುವುದು. ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಒಂದು ಸಮಯ ಬರೆದಿರಬೇಕು, ಕೊನೆಯ ಸ್ಥಾನವಾದರೂ ಚಿಂತೆಯಿಲ್ಲ.

ವನಗೂರು ರಸ್ತೆ

ಈ ಪ್ರಯಾಣದ ಕಥೆ ಹೇಳಬೇಕಾದರೆ ಅದರ ಹಿಂದಿನ ಕಾಫಿ ಕೊಯ್ಲಿನಿಂದ ಶುರು ಮಾಡಬೇಕು. ಭಾನುವಾರಗಳಲ್ಲಿ ನಾನು ವನಗೂರಿನ ಏರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಜೀಪುಗಳು ಮೊದಲ ಗೇರಿನಲ್ಲಿ ನರಳುವ ರಸ್ತೆ. ಒಂದು ದಿನ ಹಿಂದಿನಿಂದ ಯಾರೋ ಬಂದು ನನ್ನನ್ನು ದಾಟಿ ಹೋದರು. ನೋಡಿದರೆ ತಲೆಯ ಮೇಲೆ ಕಾಫಿ ಹಣ್ಣಿನ ಮೂಟೆ ಹೊತ್ತ ಹೆಂಗಸು. ಅವಳ ಸೊಂಟದ ಕೆಳಗೆ ಎಲ್ಲವೂ ಓಡುತ್ತಿತ್ತು, ಸೊಂಟದ ಮೇಲೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಾನು ನಾಲ್ಕು ವರ್ಷ ಬೆವರು ಸುರಿಸಿ ಕಲಿಯಲಾಗದ ನಡಿಗೆ ಅದು.

ಅವಳೇ ದ್ಯಾವಮ್ಮ. ಅಲ್ಲಿನ ಒಂದು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಇರುವವಳು, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಹಿಂದೆಯೇ ನಡೆದು ಹೋಗಿ, ನಿನ್ನ ಕಾಲು ಹೇಗೆ ಹೀಗೆ ಹೋಗುತ್ತದೆ ಎಂದು ಕೇಳಿದೆ.

"ಕಾಲಲ್ಲಿ ಏನೈತೆ ಟೀಚರಮ್ಮ. ತಲೆ ಮೇಲೆ ಭಾರ ಐತಲ್ಲ, ಕಾಲು ಕುಣಿಯಕ್ಕೆ ಹೋಗಲ್ಲ" ಎಂದಳು.

ಅವಳ ಹಿಂದೆ ಇನ್ನೂ ಐದಾರು ಹೆಂಗಸರು ಮೂಟೆ ಹೊತ್ತು ಸಾಲಾಗಿ ಬರುತ್ತಿದ್ದರು. ದ್ಯಾವಮ್ಮ ತೂಕದ ಜಾಗಕ್ಕೆ ಎಲ್ಲರಿಗಿಂತ ಮೊದಲು ಮುಟ್ಟಿದಳು. ಆದರೆ ಮೂಟೆ ಇಳಿಸಲಿಲ್ಲ. ಹಾಗೇ ಹೊತ್ತು ನಿಂತಳು. ಎರಡನೆಯವಳು ಬಂದಳು, ಅವಳೂ ನಿಂತಳು. ಎಲ್ಲರಿಗೂ ಕೊನೆಯಲ್ಲಿ ಒಬ್ಬ ಮುದುಕಿ ಏದುಸಿರು ಬಿಡುತ್ತಾ ಬಂದು ಸೇರಿದ ಮೇಲೆಯೇ ಒಬ್ಬರ ಮೂಟೆಗೆ ಇನ್ನೊಬ್ಬರು ಕೈ ಕೊಟ್ಟು ಇಳಿಸಿದರು. ಮೊದಲು ಮುದುಕಿಯದು, ಎಲ್ಲರಿಗೂ ಕೊನೆಗೆ ದ್ಯಾವಮ್ಮನದು. ತಕ್ಕಡಿಯ ಹತ್ತಿರ ತೂಕ ಬರೆದುಕೊಳ್ಳುವ ರೈಟರ್ ಇದ್ದ. ಅವನ ಕೈ ಪೆನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

"ಮೊದಲು ಬಂದವಳು ಇಳಿಸಿ ಆರಾಮಾಗಿ ಕೂರಬಹುದಲ್ಲ, ಸುಮ್ಮನೆ ಯಾಕೆ ಹೊತ್ತು ನಿಲ್ಲೋದು?" ಎಂದೆ.

"ಇಳಿಸಿದೋರು ಕೈಕಾಲು ತೊಳೆಯಕ್ಕೆ ಹೋಗ್ಬುಡ್ತಾರೆ ಟೀಚರಮ್ಮ. ಹಿಂಗೇ ಒಂದ್ ಸತಿ ಎಲ್ಲಾರೂ ಹೋಗ್ಬುಟ್ರು, ಹಿಂದೆ ಬಂದ ನಮ್ಮತ್ತೆಗೆ ಇಳಿಸಕ್ಕೆ ಕೈಯೇ ಇರ್ನಿಲ್ಲ. ಮೂಟೆ ಸಮೇತ ಬಿದ್ದು ಕತ್ತು ಉಳುಕಿಸ್ಕೊಂಡ್ರು. ಆವತ್ತಿಂದ ನಮ್ಮ ಲೈನಲ್ಲಿ ಹಿಂದ್ಲೋರು ಬರೋಗಂಟ ಯಾರೂ ಇಳಿಸಲ್ಲ."

ಸಮಯ ದಂಡ ಎಂದುಕೊಂಡೆ. ನನಗೆ ಬೇಕಾಗಿದ್ದದ್ದು ಅವಳ ಕಾಲು, ಅವಳ ಲೈನಿನ ಕಟ್ಟಳೆಯಲ್ಲ.

ಅವಳನ್ನು ಒಪ್ಪಿಸಿ ಸ್ಪರ್ಧೆಗೆ ಇಳಿಸಿದ್ದು ದೊಡ್ಡ ಕಥೆ. ಅದರಲ್ಲಿ ಒಂದು ಮಾತು ಮಾತ್ರ ಇಲ್ಲಿ ಮುಖ್ಯ. ಮೂಟೆ ಇಲ್ಲದೆ ಬರಿದಲೆಯಲ್ಲಿ ನಡೆಸಿದರೆ ದ್ಯಾವಮ್ಮನ ಕಾಲೂ ನನ್ನದರಂತೆಯೇ ನೆಲ ಬಿಡುತ್ತಿತ್ತು. ಅದಕ್ಕೆ ಅವಳೇ ಉಪಾಯ ಹುಡುಕಿದಳು. ಮೂಟೆಯ ಕೆಳಗೆ ತಲೆ ನೋಯದಿರಲೆಂದು ಇಟ್ಟುಕೊಳ್ಳುವ ಬಟ್ಟೆಯ ಸುರುಳಿ ಇದೆಯಲ್ಲ, ಸಿಂಬೆ, ಅದನ್ನಷ್ಟೇ ತಲೆಯ ಮೇಲಿಟ್ಟು ನಡೆದಳು. ಕಟ್ಟಿರಲಿಲ್ಲ, ಪಿನ್ನು ಹಾಕಿರಲಿಲ್ಲ. ಕಾಲು ಸ್ವಲ್ಪ ಹಾರಿದರೂ ಸಿಂಬೆ ಜಾರುತ್ತದೆ. ಸಿಂಬೆ ಜಾರದಿದ್ದರೆ ಯಾವ ತೀರ್ಪುಗಾರರಿಗೂ ಅವಳ ಮೇಲೆ ಬರೆಯಲು ಏನೂ ಸಿಗುವುದಿಲ್ಲ. ರಾಜ್ಯದ ಕೂಟದಲ್ಲಿ ನಾನು ಅವಳಿಗಿಂತ ಮುಂದಿದ್ದು ಒಂಬತ್ತನೆಯ ಸುತ್ತಿನಲ್ಲಿ ಹೊರಬಿದ್ದೆ. ಅವಳು ಹನ್ನೆರಡೂವರೆ ಸುತ್ತು ಮುಗಿಸಿ ಎರಡನೆಯವಳಾಗಿ ಬಂದಳು.

ಹೇಳಿಕೊಟ್ಟವಳು ನಾನು, ನಾನೇ ಹೊರಗೆ. ಆವತ್ತು ಹೊಟ್ಟೆಕಿಚ್ಚಾಯಿತು. ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ.

ಕೊಲಂಬೊ

ತೋಟದ ಯಜಮಾನರೂ ಊರವರೂ ದುಡ್ಡು ಸೇರಿಸಿ ದ್ಯಾವಮ್ಮನನ್ನೂ ನನ್ನ ಜೊತೆ ಕ್ಯಾಂಡಿಗೆ ಕಳಿಸಿಕೊಟ್ಟರು. ಶ್ರೀಲಂಕಾದಲ್ಲಿ ಯುದ್ಧದ ಗುಂಡಿನ ಸದ್ದು ಒಂದಷ್ಟು ಕಾಲಕ್ಕೆ ನಿಂತಿದ್ದ ದಿನಗಳು ಅವು. ಆದರೂ ಮೂಲೆಮೂಲೆಯಲ್ಲಿ ಮರಳಿನ ಚೀಲ ಪೇರಿಸಿಟ್ಟು, ಹಿಂದೆ ಬಂದೂಕು ಹಿಡಿದ ಸೈನಿಕರು ನಿಂತಿದ್ದರು. ಹೊರಡುವ ದಿನ ಗಂಡ ಬಸ್ ನಿಲ್ದಾಣಕ್ಕೆ ಬಂದು, "ಅಲ್ಲಾದ್ರೂ ಬಸ್ ನಿಂತ್ಮೇಲೆ ಇಳಿ" ಎಂದಷ್ಟೇ ಹೇಳಿದ್ದರು.

ಕೊಲಂಬೊದ ವಿಮಾನ ನಿಲ್ದಾಣದಲ್ಲಿ ಚಲಿಸುವ ಮೆಟ್ಟಿಲು ಸಿಕ್ಕಿತು. ನಾನು ಅದರ ಮೇಲೂ ಹತ್ತಿಕೊಂಡೇ ಹೋದೆ. ಮೇಲೆ ಮುಟ್ಟಿ ತಿರುಗಿ ನೋಡಿದರೆ ದ್ಯಾವಮ್ಮ ಕೆಳಗೇ ನಿಂತು ಮೆಟ್ಟಿಲು ಹುಟ್ಟಿ ಬರುವುದನ್ನು ನೋಡುತ್ತಿದ್ದಾಳೆ. ಅವಳ ಹಿಂದೆ ಹತ್ತಾರು ಜನ. ನನಗೆ ನಾಚಿಕೆ, ಸಿಟ್ಟು. ಆದರೆ ಹಿಂದಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ. ಬಿಳಿ ಸೀರೆಯ ಒಬ್ಬ ಅಜ್ಜಿ ಅವಳ ಪಕ್ಕದಲ್ಲಿ ತಾನೂ ನಿಂತು, ಎರಡು ಮೆಟ್ಟಿಲು ಹೋಗಲು ಬಿಟ್ಟು, ಮೂರನೆಯದಕ್ಕೆ ಕಾಲಿಟ್ಟು ತೋರಿಸಿದರು. ನಮ್ಮ ಬೆಂಗಳೂರಿನಲ್ಲಾಗಿದ್ದರೆ ಅಷ್ಟರೊಳಗೆ ಯಾರಾದರೂ ತಳ್ಳಿರುತ್ತಿದ್ದರು. ಬಹುಶಃ ನಾನೇ ತಳ್ಳಿರುತ್ತಿದ್ದೆ.

ಮೇಲೆ ಬಂದ ದ್ಯಾವಮ್ಮ, "ಅದು ಓಡ್ತಿರೋವಾಗ ನೀವ್ಯಾಕೆ ಅದ್ರ ಮೇಲೂ ಓಡಿದ್ರಿ?" ಎಂದು ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು.

ಕ್ಯಾಂಡಿ ರೈಲು

ಕೊಲಂಬೊದಿಂದ ಕ್ಯಾಂಡಿಗೆ ಹೋಗುವ ರೈಲು ಬೆಟ್ಟ ಹತ್ತತೊಡಗಿದಾಗ ನನಗೆ ಊರಿನ ನೆನಪಾಯಿತು. ನಮ್ಮ ಘಾಟಿಯ ಹಳಿಯನ್ನು ಅಗಲ ಮಾಡುತ್ತೇವೆಂದು ಕಿತ್ತುಹಾಕಿ ವರ್ಷಗಳಾಗಿದ್ದವು. ಇಲ್ಲಿ ಅದೇ ಸುರಂಗ, ಅದೇ ಕಮರಿ, ಆದರೆ ರೈಲು ಓಡುತ್ತಿದೆ. ಓಡುತ್ತಿದೆ ಎನ್ನುವುದು ಮರ್ಯಾದೆಯ ಮಾತು. ಬಾಗಿಲಲ್ಲಿ ಕೂತವರು ಕಾಲು ಇಳಿಬಿಟ್ಟು ಹರಟುತ್ತಿದ್ದರು. ಒಂದು ತಿರುವಿನಲ್ಲಿ ಕಾರಣವಿಲ್ಲದೆ ಅರ್ಧ ಗಂಟೆ ನಿಂತಿತು. ನಾನು ಗಡಿಯಾರ ನೋಡಿದೆ, ಕಿಟಕಿಯಿಂದ ಬಗ್ಗಿದೆ, ಎದ್ದೆ, ಕೂತೆ. ಎದುರು ಸೀಟಿನವನು ಬಾಳೆಹಣ್ಣು ಸುಲಿದು ನನ್ನ ಕಡೆ ಚಾಚಿದ. ಅಲ್ಲಿನ ಜನ ಹಾಗೆಯೇ. ಗಡಿಬಿಡಿ ಮಾಡುವವರನ್ನು ಕಂಡರೆ ಹಸಿದಿದ್ದಾರೆ ಎಂದುಕೊಳ್ಳುತ್ತಾರೆ.

ಕ್ಯಾಂಡಿ ಹತ್ತಿರವಾದಂತೆ ಅಲ್ಲೊಂದು ಇಲ್ಲೊಂದು ಟೀ ತೋಟ ಕಂಡಿತು. ಹೆಂಗಸರು ಬುಟ್ಟಿಯ ಹಗ್ಗವನ್ನು ತಲೆಗೆ ಕೊಟ್ಟು ಭಾರವನ್ನು ಬೆನ್ನಿಗೆ ಬಿಟ್ಟಿದ್ದರು.

"ಅವ್ರ ಭಾರ ಬೆನ್ನ ಮ್ಯಾಲೈತೆ, ಕಣ್ಣು ನೆಲದ ಮ್ಯಾಲೈತೆ. ನಮ್ದು ತಲೆ ಮ್ಯಾಲೆ, ಕಣ್ಣು ಮುಂದಕ್ಕೆ" ಎಂದು ದ್ಯಾವಮ್ಮ ಲೆಕ್ಕ ಹಾಕಿದಳು. ಆಮೇಲೆ, "ಇವ್ರಿಗೆ ಇಳಿಸಕ್ಕೆ ಇನ್ನೊಬ್ರು ಬ್ಯಾಡ ಅನ್ಸುತ್ತೆ" ಎಂದಳು.

ನಾನು ಆಗಲೇ ಚೀಲ ಇಳಿಸತೊಡಗಿದ್ದೆ. ಮನಸ್ಸೆಲ್ಲ ನಾಳೆಯ ಟ್ರ್ಯಾಕಿನಲ್ಲಿತ್ತು.

ಉಳಿದುಕೊಂಡ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು ಟೀ ತೋಟದ ಕಡೆಯವರು, ತಮಿಳು ಮಾತು. ನಮ್ಮ ಎಸ್ಟೇಟಿನ ಲೈನುಗಳಲ್ಲಿ ತಮಿಳರು ಬೇಕಾದಷ್ಟು ಇರುವುದರಿಂದ ದ್ಯಾವಮ್ಮನಿಗೆ ಆ ಭಾಷೆ ಕೆಲಸಕ್ಕೆ ಬರುವಷ್ಟು ಗೊತ್ತು. ಇಬ್ಬರೂ ಹತ್ತೇ ನಿಮಿಷದಲ್ಲಿ ಅಕ್ಕತಂಗಿಯರಾಗಿಬಿಟ್ಟರು. ಅಡುಗೆಯವರು ಟೀಗೆ ಸಕ್ಕರೆ ಹಾಕದೆ, ಅಂಗೈಯಲ್ಲಿ ಒಂದು ಚೂರು ತಾಳೆಬೆಲ್ಲ ಇಟ್ಟು ಕೊಟ್ಟರು. ಬೆಲ್ಲ ಕಚ್ಚಬೇಕು, ಟೀ ಗುಟುಕರಿಸಬೇಕು, ಎರಡೂ ಸರಿಯಾಗಿ ಒಟ್ಟಿಗೆ ಮುಗಿಯಬೇಕು. ನನ್ನ ಬೆಲ್ಲ ಮೂರೇ ಗುಟುಕಿಗೆ ಮುಗಿದು ಅರ್ಧ ಲೋಟ ಸಪ್ಪೆ ಟೀ ಉಳಿಯಿತು. ದ್ಯಾವಮ್ಮನದು ಕೊನೆಯ ಗುಟುಕಿನವರೆಗೆ ಬಂತು.

ಸಂಜೆ ಅವಳನ್ನು ಕೂರಿಸಿಕೊಂಡು ನಿಯಮಗಳನ್ನೆಲ್ಲ ಮತ್ತೊಮ್ಮೆ ಹೇಳಿದೆ. ಒಳಗಿನ ಗೆರೆ ತುಳಿಯಬಾರದು, ಹೊರಗಿನಿಂದ ನೀರು ಇಸಿದುಕೊಳ್ಳಬಾರದು, ಕೊನೆಯ ಸುತ್ತಿಗೆ ಗಂಟೆ ಹೊಡೆಯುತ್ತಾರೆ, ಆಮೇಲೆ ಬಿಳಿ ಗೆರೆ. ಎಲ್ಲಾ ಹೇಳಿದೆ ಎಂದುಕೊಂಡು ಮಲಗಿದೆ.

ಮರಳು ಚೀಲದ ತಿರುವು

ಸ್ಪರ್ಧೆಯ ಬೆಳಿಗ್ಗೆ ನಮ್ಮ ವ್ಯಾನನ್ನು ಒಂದು ತಿರುವಿನಲ್ಲಿ ತಡೆದರು. ಎಲ್ಲರ ಚೀಲವನ್ನೂ ತೆಗೆದು ನೋಡಬೇಕಂತೆ. ಸ್ಪರ್ಧೆಗೆ ಇಪ್ಪತ್ತು ನಿಮಿಷ ಮುಂಚೆ ಹೆಸರು ಕೂಗುವ ಕೋಣೆಯ ಬಾಗಿಲು ಮುಚ್ಚುತ್ತಾರೆ, ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಬಾಗಿಲು ಮುಚ್ಚಲು ಉಳಿದಿದ್ದದ್ದು ಅರ್ಧ ಗಂಟೆ, ದಾರಿ ಹತ್ತು ನಿಮಿಷದ್ದು.

ಸೈನಿಕ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ನನ್ನ ಚೀಲ ನೋಡಿ ಬಿಟ್ಟ. ದ್ಯಾವಮ್ಮನ ಚೀಲದಲ್ಲಿ ಸಿಂಬೆ ಕೈಗೆ ಸಿಕ್ಕಿತು. ಹಳೆಯ ಸೀರೆಯನ್ನು ಬಿಗಿಯಾಗಿ ಸುತ್ತಿ ಮಾಡಿದ ಗುಂಡನೆಯ, ಗಟ್ಟಿಯಾದ ವಸ್ತು. ಅವನಿಗೆ ಅನುಮಾನ ಬಂದದ್ದು ತಪ್ಪಲ್ಲ. ಒಳಗೆ ಏನಿದೆ ಎಂದು ತುದಿ ಹುಡುಕಿ ಎಳೆದ. ಇಡೀ ಸಿಂಬೆ ಬಿಚ್ಚಿ ರಸ್ತೆಯ ಮೇಲೆ ಉದ್ದಕ್ಕೆ ಬಿತ್ತು. ಅವನಿಗೇ ಮುಜುಗರವಾಗಿ ಎತ್ತಿಕೊಟ್ಟು ಕೈ ಮುಗಿದ.

"ಹತ್ತು ದ್ಯಾವಮ್ಮ, ವ್ಯಾನಲ್ಲಿ ಸುತ್ತಿಕೋ" ಎಂದೆ.

"ಕುಲುಕಾಟದಲ್ಲಿ ಬಿಗಿ ಕೂರಲ್ಲ ಟೀಚರಮ್ಮ. ಒಂದ್ ಗಳಿಗೆ."

ಅವಳು ಸೀರೆಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಮಂಡಿ ಊರಿ, ತಿರುಚಿ ತಿರುಚಿ ಸುತ್ತತೊಡಗಿದಳು. ಒಂದು ಸುತ್ತು. ಎರಡು ಸುತ್ತು. ವ್ಯಾನಿನವನು ಇಂಜಿನ್ ಶುರು ಮಾಡಿದ. ಅವಳ ಕೈಯಿಂದ ಕಿತ್ತುಕೊಂಡು ಹೇಗೋ ಒಂದು ಸುತ್ತಿಬಿಡೋಣ ಎನ್ನಿಸಿತು. ನಾಲ್ಕು ವರ್ಷ, ಮೂರು ಸೋಲು, ಸವೆದ ಮಂಡಿ, ಎಲ್ಲವೂ ಒಂದು ಹಳೆ ಸೀರೆಯ ಮುಂದೆ ಕಾಯುತ್ತಿದ್ದವು. ಬಿಗಿಯಾಗಿ ಹೇಳಬೇಕೆಂದು ಬಾಯಿ ತೆರೆದೆ. ಆಗ ಅವಳು ಗಂಟು ಒಳಗೆ ಸಿಕ್ಕಿಸಿ, ತಲೆಯ ಮೇಲಿಟ್ಟು ನೋಡಿ, ಎದ್ದಳು. ಹೆಸರಿನ ಕೋಣೆಯ ಬಾಗಿಲಿಗೆ ನಾವು ಮುಟ್ಟಿದಾಗ ಇನ್ನೂ ಮೂರು ನಿಮಿಷ ಇತ್ತು. ನಾನು ಬೆವರಿನಲ್ಲಿ ನೆನೆದಿದ್ದೆ, ಅವಳ ಮೈ ಒಣಗಿಯೇ ಇತ್ತು.

ಮುಖ್ಯ ತೀರ್ಪುಗಾರರು ಬಿಳಿ ಟೋಪಿಯ ಗಂಭೀರ ಹೆಂಗಸು. ಸಿಂಬೆ ನೋಡಿ ಇದೇನು ಎಂದರು. ಟೋಪಿ ಎಂದೆ. ಕೈಯಲ್ಲಿ ತಿರುಗಿಸಿ ನೋಡಿ, ಬಿದ್ದರೆ ಬೇರೆಯವರ ಕಾಲಿಗೆ ಸಿಗಬಾರದು ಎಂದಷ್ಟೇ ಹೇಳಿ ಕೊಟ್ಟರು.

ಟ್ರ್ಯಾಕು

ಮೊದಲ ನಾಲ್ಕು ಸುತ್ತು ನಾನೇ ಮೂರನೆಯವಳು. ಆ ದೇಶದವಳೊಬ್ಬಳು ಮತ್ತು ಥಾಯ್ಲೆಂಡಿನವಳೊಬ್ಬಳು ನಮ್ಮೆಲ್ಲರನ್ನೂ ಬಿಟ್ಟು ಎಲ್ಲೋ ಮುಂದೆ ಹೋಗಿದ್ದರು, ಅವರ ಮಾತು ಬೇಡ. ನನ್ನ ಹಿಂದೆ ದ್ಯಾವಮ್ಮ, ಅವಳ ಹಿಂದೆ ಹಸಿರು ಬಟ್ಟೆಯ ಮಲೇಷ್ಯಾದವಳು. ಐದನೆಯ ಸುತ್ತಿನ ತಿರುವಿನಲ್ಲಿ ಒಬ್ಬ ತೀರ್ಪುಗಾರ ನನ್ನ ಕಾಲು ನೋಡಿ ಏನೋ ಬರೆದುಕೊಂಡ. ಫಲಕದಲ್ಲಿ ನನ್ನ ಇನ್ನೂರ ಹದಿನಾಲ್ಕನೆಯ ನಂಬರಿನ ಮುಂದೆ ಒಂದು ಕೆಂಪು ಗುರುತು ಬಂತು. ಏಳನೆಯ ಸುತ್ತಿನಲ್ಲಿ ಇನ್ನೊಂದು.

ಎರಡು ಕಾರ್ಡು, ಐದೂವರೆ ಸುತ್ತು ಬಾಕಿ. ಹಿಂದೆ ಮೂರು ಸಲವೂ ಇಲ್ಲಿಯೇ ನಾನು ಕೆಟ್ಟಿದ್ದು. ಗಾಬರಿಗೆ ಇನ್ನಷ್ಟು ಜೋರಾಗುತ್ತಿದ್ದೆ, ಹೊರಬೀಳುತ್ತಿದ್ದೆ.

ಈ ಸಲ ಮಾರನಹಳ್ಳಿಯಲ್ಲಿ ಘಾಟಿ ಇಳಿಯಲು ಸಿದ್ಧವಾಗುವ ಲಾರಿಯಂತೆ ಗೇರು ಇಳಿಸಿದೆ. ದ್ಯಾವಮ್ಮ ಪಕ್ಕದಲ್ಲಿ ಬಂದಳು, ದಾಟಿದಳು. ತಡೆಯಲಿಲ್ಲ. ಅವಳ ತಲೆಯ ಮೇಲಿನ ಸಿಂಬೆಯ ಮೇಲೆ ಕಣ್ಣಿಟ್ಟೆ. ಅದು ಅಲುಗದಿದ್ದರೆ ನನ್ನ ಕಾಲೂ ಹಾರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು, ಒಂಬತ್ತು. ರಾಜ್ಯದ ಕೂಟದಲ್ಲಿ ಹೊರಬಿದ್ದ ಸುತ್ತು ದಾಟಿತು. ಹತ್ತು. ಜಿಲ್ಲೆಯ ಆಚೆ ಇಷ್ಟು ದೂರ ನಾನು ಯಾವತ್ತೂ ಬಂದಿರಲಿಲ್ಲ. ಹನ್ನೊಂದು. ಮಂಡಿಯಲ್ಲಿ ಚಾಕು ಇಟ್ಟಂತೆ ನೋವು. ಆದರೂ ಬದುಕಿನಲ್ಲಿ ಮೊದಲ ಬಾರಿಗೆ ಯಾರದೋ ಬೆನ್ನ ಹಿಂದೆ ನಡೆಯುತ್ತಾ ಸಂತೋಷಪಡುತ್ತಿದ್ದೆ. ಗಂಟೆ ಹೊಡೆಯಿತು. ಕೊನೆಯ ಸುತ್ತು.

ಮುಂದಿನ ಇಬ್ಬರೂ ಮುಗಿಸಿಯಾಗಿತ್ತು. ದ್ಯಾವಮ್ಮ ನನಗಿಂತ ನಲವತ್ತು ಮೀಟರ್ ಮುಂದೆ. ಅವಳಿಗೆ ಮೂರನೆಯ ಸ್ಥಾನ, ನನಗೆ ನಾಲ್ಕು. ನನ್ನ ಹೆಸರಿನ ಮುಂದೆ ಒಂದು ಸಮಯ. ಸಾಕು, ಬೇರೇನೂ ಬೇಡ ಎಂದುಕೊಂಡು ಕೊನೆಯ ನೇರಕ್ಕೆ ತಿರುಗಿದೆ. ಆ ನೇರದ ನಡುವೆ ಕನ್ನಡಕ ಹಾಕಿದ ಸಣಕಲು ತೀರ್ಪುಗಾರರೊಬ್ಬರು ಬಗ್ಗಿ ನಿಂತಿದ್ದರು. ಅವರು ನನಗೆ ಇನ್ನೂ ಕಾರ್ಡು ಬರೆದಿರಲಿಲ್ಲ.

ಆಗ ದ್ಯಾವಮ್ಮ ನಿಂತಳು.

ಬಿಳಿ ಗೆರೆಗೆ ಒಂದೇ ಹೆಜ್ಜೆ ಇತ್ತು. ಗೆರೆಯ ಈಚೆ, ಸಿಂಬೆಯನ್ನು ತಲೆಯ ಮೇಲೆ ಹಾಗೇ ಇಟ್ಟುಕೊಂಡು, ನನ್ನ ಕಡೆ ತಿರುಗಿ ನಿಂತಳು. ನೋವಾಯಿತೇ, ತಲೆ ತಿರುಗಿತೇ ಎಂದು ಒಂದು ಕ್ಷಣ ಹೆದರಿದೆ. ಮರುಕ್ಷಣ ಅರ್ಥವಾಯಿತು. ತೂಕದ ಜಾಗ ಬಂದಿತ್ತು. ಹಿಂದಿನವಳು ಇನ್ನೂ ಬಂದಿರಲಿಲ್ಲ. ರಾಜ್ಯದ ಕೂಟದಲ್ಲಿ ಅವಳು ಗೆರೆ ಮುಟ್ಟುವಾಗ ನಾನು ಹೊರಬಿದ್ದು ಹುಲ್ಲಿನ ಮೇಲೆ ಕೂತಿದ್ದೆ. ಅವಳ ಹಿಂದೆ ನಮ್ಮವರು ಯಾರೂ ಇರಲಿಲ್ಲ. ಇವತ್ತು ನಾನಿದ್ದೆ. ನಿಯಮಗಳನ್ನೆಲ್ಲ ಹೇಳಿಕೊಟ್ಟ ನಾನು, ಯಾರಿಗೂ ಕಾಯದೆ ಗೆರೆ ದಾಟಬೇಕು ಎಂಬುದೊಂದನ್ನು ಹೇಳಿರಲಿಲ್ಲ.

"ದಾಟು ದ್ಯಾವಮ್ಮ, ಗೆರೆ ದಾಟು" ಎಂದು ಕೂಗಿದೆ.

"ಬನ್ನಿ, ಬನ್ನಿ, ನಿಧಾನಕ್ಕೆ ಬನ್ನಿ" ಎಂದು ಅವಳೂ ಅಲ್ಲಿಂದಲೇ ಕೂಗಿದಳು.

ನನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ತಿರುಗಿದೆ. ಹಸಿರು ಬಟ್ಟೆಯವಳು ಐದಾರು ಮೀಟರಿನಲ್ಲಿದ್ದಳು. ಗೆರೆಯ ಈಚೆ ನಿಂತುಬಿಟ್ಟವಳನ್ನು ಅವಳೂ ನೋಡಿದ್ದಳು, ಹುರುಪು ಬಂದಿತ್ತು. ನಾನು ಇದೇ ನಡಿಗೆಯಲ್ಲಿ ಹೋದರೆ ಅವಳು ನನ್ನನ್ನು ದಾಟುತ್ತಾಳೆ, ನಿಂತ ದ್ಯಾವಮ್ಮನನ್ನೂ ದಾಟುತ್ತಾಳೆ. ನನಗೆ ಐದನೆಯ ಸ್ಥಾನ, ನನ್ನ ಸಮಯ ಹಾಳೆಯ ಮೇಲೆ ಬರುತ್ತದೆ. ದ್ಯಾವಮ್ಮನ ಪದಕ ಹೋಗುತ್ತದೆ. ನಾನು ಅವಳ ಹತ್ತಿರ ಬೇಗ ಮುಟ್ಟಿದರೆ ಅವಳು ಹೆಜ್ಜೆ ಇಡುತ್ತಾಳೆ. ಬೇಗ ಮುಟ್ಟಬೇಕಾದರೆ ನನ್ನ ಹಳೆಯ ಕಾಲು ಬೇಕು.

ಇಷ್ಟನ್ನೂ ಯೋಚಿಸಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಎರಡು ಮೂರು ಹೆಜ್ಜೆ ಇರಬಹುದು. ಅದರಲ್ಲಿ ಒಂದು ಹೆಜ್ಜೆಯಷ್ಟು ಕಾಲ ನಾನು ನನ್ನದನ್ನೇ ಉಳಿಸಿಕೊಳ್ಳೋಣ ಎಂದುಕೊಂಡದ್ದೂ ನಿಜ. ಆಮೇಲೆ ಕಾಲಿಗೆ ಹಾಕಿದ್ದ ಗೇರು ಬಿಟ್ಟೆ.

ಕನ್ನಡಕದ ತೀರ್ಪುಗಾರರ ಎದುರಿನಲ್ಲೇ ಹೋದೆ. ಎರಡು ಪಾದವೂ ನೆಲ ಬಿಡುತ್ತಿರುವುದು ನನಗೇ ಗೊತ್ತಾಗುತ್ತಿತ್ತು. ಅವರು ಪೆನ್ನು ತೆಗೆದದ್ದನ್ನು ಓರೆಗಣ್ಣಿನಲ್ಲಿ ಕಂಡೆ. ನಿಲ್ಲಲಿಲ್ಲ. ನಾನು ಪಕ್ಕಕ್ಕೆ ಬರುತ್ತಿದ್ದಂತೆ ದ್ಯಾವಮ್ಮ ತಿರುಗಿ, ಏನೂ ಆಗಿಲ್ಲವೆಂಬಂತೆ, ಗೆರೆಯ ಆಚೆ ಕಾಲಿಟ್ಟಳು. ಅವಳ ಹಿಂದೆಯೇ ನಾನು, ನನ್ನ ಭುಜಕ್ಕೆ ತಾಗುವಂತೆ ಹಸಿರು ಬಟ್ಟೆಯವಳು. ದ್ಯಾವಮ್ಮ ಸಿಂಬೆ ತೆಗೆಯುವ ಮೊದಲು ನನ್ನ ಎರಡೂ ತೋಳು ಹಿಡಿದು, ತಲೆಯ ಮೇಲಿಂದ ಏನೋ ಇಳಿಸುವವಳಂತೆ ಮೆಲ್ಲಗೆ ಕೂರಿಸಿದಳು.

ಬಿಳಿ ಟೋಪಿಯವರು ನಡೆದು ಬಂದರು. ನಂಬರ್ ನೋಡಿದರು, ಕೆಂಪು ಹಲಗೆ ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಕ್ಷಮಿಸಿ ಎಂದರು. ಪರವಾಗಿಲ್ಲ ಎಂದೆ. ಪರವಾಗಿತ್ತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಪದಕ ಕೊಡುವಾಗ ದ್ಯಾವಮ್ಮ ಸಿಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದಳು. ಅವಳು ಯಾಕೆ ನಿಂತಳೆಂದು ನಾನು ಕೇಳಲಿಲ್ಲ, ನಾನು ಯಾಕೆ ಹಾರಿದೆನೆಂದು ಅವಳೂ ಕೇಳಲಿಲ್ಲ. ಅವಳಿಗೆ ನಿಯಮ ತಿಳಿದಿಲ್ಲ, ಅವಳ ಪದಕ ಉಳಿಸಿದ್ದು ನಾನು, ಇದನ್ನು ಅವಳಿಗೆ ಹೇಳದಿರುವುದೇ ದೊಡ್ಡತನ ಎಂದು ನಂಬಿಕೊಂಡು ಊರಿಗೆ ಬಂದೆ. ಶಾಲೆಯಲ್ಲೂ ಮನೆಯಲ್ಲೂ ನಾಲ್ಕನೆಯ ಸಲ ಹೊರಬಿದ್ದೆ ಎಂದಷ್ಟೇ ಹೇಳಿದೆ. ಗಂಡ ಈ ಸಲ ರೇಗಿಸಲಿಲ್ಲ.

ವನಗೂರು

ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ಹೋದೆ. ಅಭ್ಯಾಸ ನಿಂತಿತ್ತು, ಮಂಡಿಗೆ ಪಟ್ಟಿ ಬಂದಿತ್ತು. ಹೆಂಗಸರು ಹಣ್ಣು ತುಂಬುತ್ತಿದ್ದರು. ನಾನೂ ಹೊರುತ್ತೇನೆ ಎಂದೆ. ಅವರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ದ್ಯಾವಮ್ಮ ಮಾತ್ರ ನಗದೆ ಒಂದು ಚೀಲಕ್ಕೆ ಕಾಲು ಭಾಗ ಹಣ್ಣು ಹಾಕಿ ಬಾಯಿ ಕಟ್ಟಿದಳು. ತನ್ನ ಸಿಂಬೆಯನ್ನು ನನ್ನ ತಲೆಯ ಮೇಲಿಟ್ಟಳು. ಕ್ಯಾಂಡಿಯಲ್ಲಿ ಬಿಚ್ಚಿ ಸುತ್ತಿದ್ದ ಅದೇ ಸಿಂಬೆ. ತನಗೆ ಒಂದು ಟವೆಲ್ ಸುತ್ತಿಕೊಂಡಳು.

ಚೀಲ ಎತ್ತಿಡುವಾಗ, ನನ್ನ ಕಿವಿಯ ಹತ್ತಿರ, ಬೇರೆಯವರಿಗೆ ಕೇಳದಂತೆ ಹೇಳಿದಳು.

"ಆವತ್ತು ನೀವು ಓಡ್ಬಾರ್ದಾಗಿತ್ತು ಟೀಚರಮ್ಮ."

"ಆ ಹಸಿರು ಬಟ್ಟೆಯವಳು ಬರ್ತಿದ್ಲಲ್ಲ, ನಿನಗೆ ಕಾಣಲಿಲ್ವಾ?"

"ಕಾಣ್ದೆ ಏನು. ನಿಮ್ ಕಡೀಕೇ ತಿರುಗಿ ನಿಂತಿದ್ನಲ್ಲ. ನಿಮ್ ನಂಬರಿನ ಮುಂದೆ ಎರಡು ಕೆಂಪು ಇದ್ದಿದ್ದೂ ಕಂಡಿತ್ತು. ಅವ್ಳು ಮುಂದ್ ಹೋದ್ರೆ ಹೋಗ್ಲಿ ಅಂತಲೇ ನಿಂತಿದ್ದು ಕಣ್ರಮ್ಮ. ನಾನು ಗೆರೆ ದಾಟಿ ಹೋಗ್ಬುಟ್ಟಿದ್ರೆ ನೀವು ಒಬ್ರೇ ಆಗ್ಬುಡ್ತಿದ್ರಿ, ಗಾಬ್ರಿ ಬಿದ್ದು ಓಡ್ಬುಡ್ತಿದ್ರಿ. ಕಣ್ಣೆದುರಿಗೆ ನಿಂತಿದ್ರೆ ನೋಡ್ಕಂಡು ನಿಧಾನಕ್ಕೆ ಬರ್ತೀರಾ ಅಂದ್ಕಂಡೆ. ನಿಮ್ಮುನ್ನ ಒಂದ್ ಸತಿ ಇಳಿಸ್ಬೇಕಾಗಿತ್ತು ನಂಗೆ."

ನನ್ನ ತಲೆಯ ಮೇಲೆ ಚೀಲ ಇತ್ತು, ಬಗ್ಗಿ ಅವಳ ಮುಖ ನೋಡುವಂತಿರಲಿಲ್ಲ. ನಾನು ಅವಳಿಗಾಗಿ ಬಿಟ್ಟುಕೊಟ್ಟೆ ಎಂದು ಇಷ್ಟು ತಿಂಗಳು ಬೀಗಿದ್ದೆ. ಅವಳು ನನಗಿಂತ ಮೊದಲೇ, ಲೆಕ್ಕ ಹಾಕಿ, ನಿಂತು, ಬಿಟ್ಟುಕೊಟ್ಟಾಗಿತ್ತು. ನಾನು ಅದನ್ನೂ ತಡೆದುಕೊಳ್ಳಲಿಲ್ಲ. ಅಲ್ಲೂ ನನಗೆ ಅವಸರ. ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ದ್ಯಾವಕ್ಕ" ಎಂದೆ. ಅಲ್ಲಿಯವರೆಗೆ ಅವಳನ್ನು ಹಾಗೆ ಕರೆದಿರಲಿಲ್ಲ.

"ನಡೀರಿ. ಮೊದ್ಲು ಏರು ಐತೆ, ಆಮೇಲೆ ಸಮ."

ಸಾಲು ಹೊರಟಿತು. ನಾನು ಎಲ್ಲರಿಗೂ ಹಿಂದೆ. ಏರಿನಲ್ಲಿ ಮಂಡಿ ಚುಚ್ಚಿತು. ಮುಂದಿನವಳಿಗೂ ನನಗೂ ಹತ್ತು ಮಾರು ಅಂತರವಾಯಿತು, ಆಮೇಲೆ ಇಪ್ಪತ್ತು. ತಿರುವು ದಾಟಿದಾಗ ತೂಕದ ಜಾಗ ಕಂಡಿತು. ಎಲ್ಲರೂ ಮುಟ್ಟಿದ್ದರು. ರೈಟರ್ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕಾಯುತ್ತಿದ್ದ. ಆರು ಹೆಂಗಸರು, ಆರು ತುಂಬಿದ ಮೂಟೆ, ಯಾರೂ ಇಳಿಸಿರಲಿಲ್ಲ. ಮುಂದೆ ದ್ಯಾವಕ್ಕ ನನ್ನ ಕಡೆ ತಿರುಗಿ ನಿಂತಿದ್ದಳು, ಅವಳ ಕತ್ತಿನ ನರ ಉಬ್ಬಿರುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು.

ನನ್ನಿಂದಾಗಿ ಅಷ್ಟು ಜನ ಭಾರ ಹೊತ್ತು ನಿಂತಿದ್ದಾರೆ. ಕಾಲು ತಾನಾಗಿಯೇ ಜೋರಾಗಲು ನೋಡಿತು. ತಲೆಯ ಮೇಲೆ ಸಿಂಬೆ ಒಂದು ಕಡೆಗೆ ಸರಿದಂತಾಯಿತು.

ಒಂದು ಪಾದ ಊರಿದೆ. ಅದು ನೆಲದಲ್ಲಿ ಗಟ್ಟಿಯಾಗಿ ಕೂತ ಮೇಲೆ ಇನ್ನೊಂದನ್ನು ಎತ್ತಿದೆ. ಅವರು ಕಾಯುತ್ತಿದ್ದರು, ನಾನು ನಡೆದೆ. ಕೊನೆಗೆ ಅವಳ ಎದುರಿಗೆ ಬಂದು ನಿಂತಾಗ ದ್ಯಾವಕ್ಕ ತನ್ನ ಮೂಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಚೀಲಕ್ಕೆ ಕೊಟ್ಟಳು.

"ಬಂದ್ರಲ್ಲ" ಎಂದಳು. ನನ್ನದನ್ನು ಮೊದಲು ಇಳಿಸಿದರು.